ವರ್ಷನ್‌ಗಳ ಗಡುವು ಲೆಕ್ಕ ಹಾಕುವುದು: ನನ್ನ ಅನುಭವ

ಯಾವುದೇ ಸಾಫ್ಟ್‌ವೇರ್ ವರ್ಷನ್‌ಗೆ ಪ್ಯಾಚ್ (ದೋಷ ಸರಿಪಡಿಸುವ ತೇಪೆ) ಬರುವುದು ನಿಲ್ಲುವ ದಿನವೇ ಅದರ ಗಡುವು. ಸರ್ವರುಗಳ ಪಟ್ಟಿ ಮಾಡುವಾಗ ವರ್ಷನ್ ಸಂಖ್ಯೆಗಿಂತ ಮೊದಲು ನಾನು ತುಂಬುವ ಕಾಲಂ ‘ಎಲ್ಲಿಂದ ಬಂತು’. ಪೈಥಾನ್ 3.9 ಅಂತ ಬರೆದರೆ ಏನೂ ಗೊತ್ತಾಗುವುದಿಲ್ಲ. ಅದು ಡೆಬಿಯನ್ 11 ಎಂಬ ಲಿನಕ್ಸ್ ಓಎಸ್‌ನ ಪ್ಯಾಕೇಜ್ ಆಗಿದ್ದರೆ ಪ್ಯಾಚ್ ಹಾಕುವವರು ಡೆಬಿಯನ್‌ನವರು, ಅವರ ಎಲ್‌ಟಿಎಸ್ (ದೀರ್ಘಕಾಲದ ಬೆಂಬಲ) ಗಡುವು 2026ರ ಆಗಸ್ಟ್ 31. ಅದೇ 3.9 ಅನ್ನು ಯಾರೋ ಮೂಲ ಕೋಡಿನಿಂದ ಕಂಪೈಲ್ ಮಾಡಿ ಕೂರಿಸಿದ್ದರೆ ಪೈಥಾನ್ ತಂಡದ ಗಡುವೇ ಗಡುವು. ಅದು 2025ರ ಅಕ್ಟೋಬರಿಗೇ ಮುಗಿದಿದೆ. ಡೆಬಿಯನ್, ಉಬುಂಟುಗಳಲ್ಲಿ ‘ಆಪ್ಟ್ ಪಾಲಿಸಿ’ ಕಮಾಂಡಿನ ಮುಂದೆ ಪ್ಯಾಕೇಜಿನ ಹೆಸರು ಕೊಟ್ಟರೆ ಯಾವ ರೆಪೊದಿಂದ (ಪ್ಯಾಕೇಜ್ ಭಂಡಾರದಿಂದ) ಬಂದದ್ದೆಂದು ತೋರಿಸುತ್ತದೆ. ಅಲ್ಲಿ ಕಾಣದ್ದು ಕೈಯಿಂದ ಹಾಕಿದ್ದು, ಅದರ ಹೊಣೆ ಪೂರ್ತಿ ನಮ್ಮದು.

ಮುಂದಿನ ಕಾಲಂ ಹಂತ. ‘ಸಪೋರ್ಟ್ ಇದೆ’ ಅನ್ನುವ ಮಾತನ್ನು ನಾನು ಪಟ್ಟಿಯಲ್ಲಿ ಬರೆಯಲು ಬಿಡುವುದಿಲ್ಲ. ಪಿಎಚ್‌ಪಿಯಲ್ಲಿ ಮೊದಲ 2 ವರ್ಷ ಎಲ್ಲ ಬಗ್‌ಗಳಿಗೂ ಪರಿಹಾರ, ಆಮೇಲೆ 2 ವರ್ಷ ಭದ್ರತಾ ಪ್ಯಾಚ್ ಮಾತ್ರ. ಪೈಥಾನ್ 3.13ರಿಂದ ಈ ಲೆಕ್ಕ 2 ಮತ್ತು 3 ವರ್ಷ. ಭದ್ರತಾ ಹಂತಕ್ಕೆ ಬಂದ ಮೇಲೆ ಆ ತಂಡ ವಿಂಡೋಸ್, ಮ್ಯಾಕ್‌ಗಳಿಗೆ ಇನ್‌ಸ್ಟಾಲರ್ ಕೊಡುವುದಿಲ್ಲ, ಸೋರ್ಸ್ ಮಾತ್ರ ಸಿಗುತ್ತದೆ. ನೋಡ್ (ಜಾವಾಸ್ಕ್ರಿಪ್ಟ್ ಓಡಿಸುವ ಸಾಫ್ಟ್‌ವೇರ್) ಇಲ್ಲಿಯವರೆಗೆ ನಡೆದುಬಂದ ಕ್ರಮದಲ್ಲಿ ಸಮಸಂಖ್ಯೆಯ ವರ್ಷನ್ 6 ತಿಂಗಳು ‘ಕರೆಂಟ್’, 12 ತಿಂಗಳು ‘ಆಕ್ಟಿವ್’, 18 ತಿಂಗಳು ‘ಮೇಂಟೆನೆನ್ಸ್’. ಬೆಸಸಂಖ್ಯೆಯದು ಸುಮಾರು ಆರು ತಿಂಗಳಿಗೇ ಖಲಾಸ್, ಅದನ್ನು ಪ್ರೊಡಕ್ಷನ್‌ಗೆ ಹಾಕಲೇಬಾರದು. ಡೆಬಿಯನ್‌ನಲ್ಲಿ 3 ವರ್ಷ ಸೆಕ್ಯುರಿಟಿ ತಂಡ ನೋಡಿಕೊಳ್ಳುತ್ತದೆ, ಆಮೇಲಿನ 2 ವರ್ಷ ಎಲ್‌ಟಿಎಸ್ ತಂಡ. ಎಲ್‌ಟಿಎಸ್ ಕಾಲದಲ್ಲಿ ಎಲ್ಲ ಪ್ಯಾಕೇಜಿಗೂ ಪ್ಯಾಚ್ ಬರುತ್ತದೆಂದು ಭಾವಿಸಬೇಡಿ. ‘ಡೆಬಿಯನ್-ಸೆಕ್ಯುರಿಟಿ-ಸಪೋರ್ಟ್’ ಪ್ಯಾಕೇಜ್ ಹಾಕಿ ‘ಚೆಕ್-ಸಪೋರ್ಟ್-ಸ್ಟೇಟಸ್’ ಓಡಿಸಿದರೆ ಕೈಬಿಟ್ಟವುಗಳ ಹೆಸರು ಬರುತ್ತದೆ.

ಉಬುಂಟು ಎಲ್‌ಟಿಎಸ್‌ನ ‘5 ವರ್ಷ’ ಸಹ ಹೀಗೆಯೇ. ಆ ಭರವಸೆ ಇರುವುದು ‘ಮೇನ್’ ವಿಭಾಗಕ್ಕೆ. ‘ಯೂನಿವರ್ಸ್’ ಸಮುದಾಯದ ಕೈಯಲ್ಲಿದೆ. 22.04 ಹೊರಬಂದದ್ದು 2022ರ ಏಪ್ರಿಲ್ 21ಕ್ಕೆ, ಅದರ ಯೂನಿವರ್ಸ್‌ನಲ್ಲಿದ್ದದ್ದು ನೋಡ್ 12. ನೋಡ್ ತಂಡ ಆ ವರ್ಷನ್ ನಿಲ್ಲಿಸಿದ್ದು ಅದೇ ಏಪ್ರಿಲ್ 30ಕ್ಕೆ. ಓಎಸ್ ಹೊಸದು, ಒಳಗಿನ ನೋಡ್ ಒಂಬತ್ತೇ ದಿನದಲ್ಲಿ ಹಳೆಯದು! ‘ಪ್ರೊ ಸೆಕ್ಯುರಿಟಿ-ಸ್ಟೇಟಸ್’ ಕಮಾಂಡ್ ಯಾವ ವಿಭಾಗದ ಎಷ್ಟು ಪ್ಯಾಕೇಜ್ ಇವೆ ಎಂದು ಎಣಿಸಿ ಕೊಡುತ್ತದೆ. ಯೂನಿವರ್ಸ್‌ಗೂ ಪ್ಯಾಚ್ ಬೇಕಿದ್ದರೆ ಉಬುಂಟು ಪ್ರೊ ಬೇಕು; ಸ್ವಂತ ಬಳಕೆಗೆ 5 ಯಂತ್ರಗಳವರೆಗೆ ಉಚಿತ.

ಇದರ ತಿರುಗುಮುರುಗು ಸಮಸ್ಯೆಯೂ ಇದೆ. ವರ್ಷನ್ ಸಂಖ್ಯೆ ಮಾತ್ರ ನೋಡುವ ಸ್ಕ್ಯಾನರುಗಳು ರೆಡ್ ಹ್ಯಾಟ್, ಡೆಬಿಯನ್ ಪ್ಯಾಕೇಜುಗಳನ್ನು ಕೆಂಪಾಗಿ ತೋರಿಸುತ್ತವೆ. ಆ ತಂಡಗಳು ಹಳೆಯ ವರ್ಷನ್ನಿಗೇ ಪ್ಯಾಚ್ ತಂದು ಕೂರಿಸುವುದರಿಂದ ಮೊದಲ ಭಾಗದ ಸಂಖ್ಯೆ ಬದಲಾಗುವುದಿಲ್ಲ. ಪ್ಯಾಕೇಜಿನ ಚೇಂಜ್‌ಲಾಗ್‌ನಲ್ಲಿ ಸಿವಿಇ (ಭದ್ರತಾ ದೋಷದ ಗುರುತು) ಸಂಖ್ಯೆ ಹುಡುಕಿ, ಸಿಗದಿದ್ದರಷ್ಟೇ ಗಾಬರಿಯಾಗಬೇಕು.

ಕಂಟೇನರ್ ಇಮೇಜಿನ (ಓಎಸ್ ಸಮೇತ ಕಟ್ಟಿಟ್ಟ ಸಾಫ್ಟ್‌ವೇರ್) ಟ್ಯಾಗ್‌ನಲ್ಲಿ, ಅಂದರೆ ಹೆಸರಿನಲ್ಲಿ, ಎರಡು ಗಡುವು ಅಡಗಿರುತ್ತವೆ. ‘ಪೈಥಾನ್ 3.11-ಸ್ಲಿಮ್-ಬಸ್ಟರ್’ ತೆಗೆದುಕೊಳ್ಳಿ: ಪೈಥಾನ್ 3.11ಕ್ಕೆ 2027ರ ಅಕ್ಟೋಬರಿನವರೆಗೆ ಸಮಯವಿದೆ, ಬಸ್ಟರ್ ಅಂದರೆ ಡೆಬಿಯನ್ 10, ಅದರ ಎಲ್‌ಟಿಎಸ್ 2024ರ ಜೂನ್ 30ಕ್ಕೇ ಮುಗಿದಿದೆ. ಇಂಥ ಇಮೇಜ್ ಪುಲ್ ಆಗುವುದು ನಿಲ್ಲುವುದಿಲ್ಲ, ಎಚ್ಚರಿಕೆಯೂ ಬರುವುದಿಲ್ಲ. ಪ್ರತಿ ಇಮೇಜಿನೊಳಗಿನ ‘ಓಎಸ್-ರಿಲೀಸ್’ ಫೈಲ್ ತೆರೆದು, ಎರಡರಲ್ಲಿ ಮೊದಲು ಬರುವ ದಿನಾಂಕವನ್ನೇ ಪಟ್ಟಿಗೆ ಹಾಕುತ್ತೇನೆ.

ಬರೆದಿಟ್ಟ ದಿನಾಂಕ ಶಿಲಾಶಾಸನವಲ್ಲ. ಸೆಂಟ್‌ಓಎಸ್ 8 ಎಂಬ ಲಿನಕ್ಸ್‌ಗೆ 2029ರವರೆಗೆ ಎಂದಿದ್ದದ್ದು 2021ರ ಡಿಸೆಂಬರ್ 31ಕ್ಕೆ ಇಳಿಯಿತು. ನೋಡ್ 16 ಮುಗಿಯಬೇಕಿದ್ದದ್ದು 2024ರ ಏಪ್ರಿಲ್‌ಗೆ. ಅದು ನೆಚ್ಚಿಕೊಂಡಿದ್ದ ಗೂಢಲಿಪಿ ಲೈಬ್ರರಿ ಓಪನ್‌ಎಸ್‌ಎಸ್‌ಎಲ್ 1.1.1ರ ಗಡುವು 2023ರ ಸೆಪ್ಟೆಂಬರ್ 11 ಆದ್ದರಿಂದ ನೋಡ್ ತಂಡವೂ ಅದೇ ದಿನಕ್ಕೆ ಕೈತೊಳೆದುಕೊಂಡಿತು. ಹಾಗಾಗಿ ಮೂರು ತಿಂಗಳಿಗೊಮ್ಮೆ ‘ಎಂಡ್‌ಆಫ್‌ಲೈಫ್ ಡಾಟ್ ಡೇಟ್’ ತಾಣದ ಎಪಿಐಯಿಂದ ದಿನಾಂಕಗಳನ್ನು ಎಳೆದು ಹಳೆಯ ಪಟ್ಟಿಗೆ ಹೋಲಿಸುತ್ತೇನೆ. ಅದು ಸಮುದಾಯ ನಡೆಸುವ ತಾಣ, ವ್ಯತ್ಯಾಸ ಕಂಡರೆ ಆಯಾ ಪ್ರಾಜೆಕ್ಟಿನ ಪುಟದಲ್ಲಿ ಖಚಿತ ಮಾಡಿಕೊಳ್ಳಬೇಕು.

ಹೆಚ್ಚು ಮುಂಗಡ ಬೇಕಾಗುವುದು ಡೇಟಾಬೇಸ್‌ಗೆ. ಗಡುವಿಗೆ ಆರು ತಿಂಗಳು ಮೊದಲೇ ಶುರು ಮಾಡುತ್ತೇನೆ. ಪೋಸ್ಟ್‌ಗ್ರೆಸ್ ಡೇಟಾಬೇಸಿನ ಪ್ರತಿ ಮುಖ್ಯ ವರ್ಷನ್ನಿಗೆ 5 ವರ್ಷ. 13.5ರಿಂದ 13.9ರಂಥ ಚಿಕ್ಕ ಜಿಗಿತಕ್ಕೆ ಪ್ಯಾಕೇಜ್ ಬದಲಿಸಿ ರೀಸ್ಟಾರ್ಟ್ ಮಾಡಿದರೆ ಸಾಮಾನ್ಯವಾಗಿ ಸಾಕು, ಅದನ್ನು ಮುಂದೂಡಲು ಕಾರಣವೇ ಇಲ್ಲ. 13ರಿಂದ 17ಕ್ಕೆ ಹೋಗಲು ‘ಪಿಜಿ_ಅಪ್‌ಗ್ರೇಡ್’ನಂಥ ಸಾಧನ ಬೇಕು. ಮೊದಲು ‘ಚೆಕ್’ ಆಯ್ಕೆಯಲ್ಲಿ ಓಡಿಸಿ. ‘ಲಿಂಕ್’ ಆಯ್ಕೆ ವೇಗದ್ದು, ಆದರೆ ಹೊಸ ಕ್ಲಸ್ಟರ್ (ಡೇಟಾಬೇಸ್ ಸಮೂಹ) ಒಮ್ಮೆ ಶುರುವಾದರೆ ಹಳೆಯದಕ್ಕೆ ಮರಳುವ ದಾರಿ ಬ್ಯಾಕಪ್ ಒಂದೇ. 18ಕ್ಕಿಂತ ಹಿಂದಿನವುಗಳಿಗೆ ಏರಿದರೆ ಕ್ವೆರಿ ಯೋಜನೆಗೆ ಬೇಕಾದ ಅಂಕಿಅಂಶಗಳು ಜೊತೆಗೆ ಬರುವುದಿಲ್ಲ. ‘ಅನಲೈಸ್’ ಓಡಿಸದೆ ಟ್ರಾಫಿಕ್ ಬಿಟ್ಟರೆ ಕ್ವೆರಿಗಳು ತೆವಳುತ್ತವೆ.

ಪೋಸ್ಟ್‌ಗ್ರೆಸ್ ಮುಟ್ಟದೆ ಕೆಳಗಿನ ಓಎಸ್ ಮಾತ್ರ ಬದಲಿಸುವುದು ಸುರಕ್ಷಿತ ಅನ್ನಿಸುತ್ತದೆ. ಹೆಚ್ಚು ಹೆದರಬೇಕಾದ್ದು ಅಲ್ಲೇ. ಪೋಸ್ಟ್‌ಗ್ರೆಸ್ ವಿಂಗಡಣೆಗೆ ನೆಚ್ಚುವ ಲಿನಕ್ಸ್‌ನ ಮೂಲ ಲೈಬ್ರರಿ ಗ್ಲಿಬ್‌ಸಿಯ 2.28ರಲ್ಲಿ ಅಕ್ಷರಗಳ ವಿಂಗಡಣೆ ಕ್ರಮ ಬದಲಾಯಿತು. ಉಬುಂಟು 18.04ರಿಂದ 20.04ಕ್ಕೆ, ಅಥವಾ ಸೆಂಟ್‌ಓಎಸ್ 7ರಿಂದ ಅದರ ಮುಂದಿನ ಪೀಳಿಗೆಗೆ ಡೇಟಾ ಡೈರೆಕ್ಟರಿಯನ್ನು ಹಾಗೇ ಒಯ್ದರೆ ಪಠ್ಯ ಕಾಲಂಗಳ ಇಂಡೆಕ್ಸ್ (ಹುಡುಕಾಟದ ಸೂಚಿ) ಹಳೆಯ ಕ್ರಮದಲ್ಲೇ ಉಳಿಯುತ್ತದೆ: ಇರುವ ಸಾಲು ಹುಡುಕಿದರೆ ಸಿಗುವುದಿಲ್ಲ, ಯೂನಿಕ್ ಕಾಲಂಗೆ ನಕಲು ನುಗ್ಗುತ್ತದೆ. ‘ಸಿ’ ಲೊಕೇಲ್ (ಬರೀ ಬೈಟ್ ಕ್ರಮದ ವಿಂಗಡಣೆ) ಇದ್ದರೆ ಈ ತೊಂದರೆಯಿಲ್ಲ. ಉಳಿದವರು ಮೊದಲು ರೀಇಂಡೆಕ್ಸ್ ಮಾಡಿ, ಪೋಸ್ಟ್‌ಗ್ರೆಸ್ 15 ಅಥವಾ ಮೇಲಿನದಾದರೆ ಆಮೇಲೆ ‘ರಿಫ್ರೆಶ್ ಕೊಲೇಶನ್ ವರ್ಷನ್’ ಕೊಡಬೇಕು. ಬರೀ ರಿಫ್ರೆಶ್ ಕೊಟ್ಟರೆ ಪೋಸ್ಟ್‌ಗ್ರೆಸ್ ಕೊಡುವ ಎಚ್ಚರಿಕೆ ಮಾಯವಾಗುತ್ತದೆ, ಕೆಟ್ಟ ಇಂಡೆಕ್ಸ್ ಹಾಗೇ ಇರುತ್ತದೆ. ಡಂಪ್ ತೆಗೆದು ಹೊಸ ಯಂತ್ರದಲ್ಲಿ ಮರುತುಂಬಿದರೆ ಇಂಡೆಕ್ಸ್ ಹೊಸದಾಗಿಯೇ ಕಟ್ಟಲ್ಪಡುತ್ತದೆ. ಡೇಟಾ ಚಿಕ್ಕದಿದ್ದರೆ ನನ್ನ ಆಯ್ಕೆ ಅದೇ.

ಗಡುವು ದಾಟಿದ ಯಂತ್ರ ಸಿಕ್ಕರೆ ಮೊದಲು ರೆಪೊ ವಿಳಾಸ ನೋಡಿ. ಸೆಂಟ್‌ಓಎಸ್ 7 2024ರ ಜೂನ್ 30ಕ್ಕೆ ಮುಗಿದ ಬಳಿಕ ಅದರ ಮಿರರ್‌ಲಿಸ್ಟ್ (ಡೌನ್‌ಲೋಡ್ ತಾಣಗಳ ಪಟ್ಟಿ) ನಿಂತು ಪ್ಯಾಕೇಜ್ ಹಾಕುವ ‘ಯಮ್’ ಕೈಕೊಟ್ಟಿತು; ಪ್ಯಾಕೇಜುಗಳು ‘ವಾಲ್ಟ್’ ವಿಳಾಸದಲ್ಲಿವೆ. ಡೆಬಿಯನ್‌ಗೆ ‘ಆರ್ಕೈವ್’ ಇದೆ. ಅಲ್ಲಿಂದ ಬರುವುದು ಹಳೆಯ ಪ್ಯಾಕೇಜ್, ಹೊಸ ಪ್ಯಾಚ್ ಅಲ್ಲ. ಡೆಬಿಯನ್‌ನಲ್ಲಿ 10ರಿಂದ ನೇರ 12ಕ್ಕೆ ಹಾರಲಾಗದು, 11ರ ಮೇಲೇ ಹೋಗಬೇಕು. ಎರಡು ಮೆಟ್ಟಿಲಿಗಿಂತ ಹಿಂದಿರುವ ಯಂತ್ರವಾದರೆ ಹೊಸದೊಂದನ್ನು ಕಟ್ಟಿ ಡೇಟಾ ಸಾಗಿಸುವುದೇ ಬೇಗ ಮುಗಿಯುವ ಕೆಲಸ.