ಮಳೆ ತಾಳುವವು, ನೆರಳು ಬೇಡುವವು, ಕತ್ತಲೆ ಬೇಡುವವು

ಸಾಗರದ ಕಡೆಯ ಒಂದು ಅಡಕೆ ತೋಟದ ಮನೆಯವರು, ಅಜ್ಜ ಕೂಡಿಟ್ಟ ಹಳೆಯ ಸಾಮಾನುಗಳಿಗೆ ಸಂಗ್ರಹಾಲಯ ಕಟ್ಟಿಕೊಡಿ ಎಂದು ಕರೆದಾಗ ನಾನು ಮೊದಲು ನೋಡಿದ್ದು ಸಾಮಾನನ್ನು, ಜಾಗವನ್ನಲ್ಲ. ಅಟ್ಟದಿಂದ ಎಲ್ಲವನ್ನೂ ಇಳಿಸಿ ಅಂಗಳದಲ್ಲಿ ಹರವಿದೆವು. ಒರಳು, ಬೀಸುಕಲ್ಲು, ಕಲ್ಲಿನ ಬಾನಿ. ನೇಗಿಲು, ನೊಗ, ಕೊಳಗ, ಒನಕೆ, ಅಡಕೆ ಸುಲಿಯುವ ಮೆಟ್ಟುಗತ್ತಿ. ಕಂಬಳಿ, ಲೆಕ್ಕದ ಪುಸ್ತಕಗಳು, ನಾಲ್ಕು ಕಟ್ಟು ತಾಳೆಗರಿ.

ಅಲ್ಲೇ ಕೂತು ಮೂರು ರಾಶಿ ಮಾಡಿದೆ. ಕಲ್ಲಿನದು ಮಳೆ ಬಿಸಿಲು ಎರಡನ್ನೂ ತಾಳುತ್ತದೆ. ಮರದ್ದಕ್ಕೆ ನೆರಳು, ಗಾಳಿ ಬೇಕು. ತಾಳೆಗರಿ, ಕಾಗದ, ಉಣ್ಣೆಗೆ ಕತ್ತಲೆಯೇ ಬೇಕು. ಇವಕ್ಕೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಬಾರದು ಎನ್ನುವುದು ಸಂಗ್ರಹಾಲಯದವರೆಲ್ಲ ಪಾಲಿಸುವ ಲೆಕ್ಕ. ನಕ್ಷೆ ಹುಟ್ಟಿದ್ದು ಈ ಮೂರು ರಾಶಿಗಳಿಂದ. ಕಲ್ಲುಗಳು ಹೊರಗೆ ಮರಗಳ ಬುಡದಲ್ಲಿ, ಮರದ ಸಾಮಾನು ಅಗಲವಾದ ಜಗಲಿಯಲ್ಲಿ, ಎಲ್ಲಕ್ಕಿಂತ ಒಳಗೆ ಒಂದು ಪುಟ್ಟ ಕತ್ತಲೆ ಕೋಣೆ. ಬಂದವರು ಕಾಡಿನಿಂದ ನಿಧಾನವಾಗಿ ಕತ್ತಲೆಗೆ ಇಳಿದು, ಇನ್ನೊಂದು ಬಾಗಿಲಿನಿಂದ ಮತ್ತೆ ಕಾಡಿಗೇ ಬರುತ್ತಾರೆ.

ಹಾಗೆಂದು ಮೊದಲ ನಕ್ಷೆಯೇ ಸರಿಯಾಗಿತ್ತು ಎಂದಲ್ಲ. ಗುಡ್ಡದ ಕಡೆಗೆ ಉದ್ದಕ್ಕೂ ಗಾಜಿನ ಗೋಡೆ ಬರೆದಿದ್ದೆ. ಪ್ರಕೃತಿ ಕಾಣಬೇಕೆಂದರೆ ಗಾಜು ಎಂಬ ಅಭ್ಯಾಸ ಕೈಗೆ ಅಂಟಿತ್ತು. ಆ ದಿನಗಳಲ್ಲೇ ಅಹಮದಾಬಾದಿಗೆ ಹೋಗಿ ಸಾಬರಮತಿ ಆಶ್ರಮದಲ್ಲಿರುವ ಗಾಂಧಿ ಸಂಗ್ರಹಾಲಯದಲ್ಲಿ ಇಡೀ ದಿನ ಕಳೆದೆ. ಚಾರ್ಲ್ಸ್ ಕೊರಿಯಾ ವಿನ್ಯಾಸದ ಆ ಕಟ್ಟಡ ಮುಗಿದದ್ದು 1963ರಲ್ಲಿ. ಆರು ಮೀಟರ್ ಚೌಕದ ಅಂಕಣಗಳು, ಇಟ್ಟಿಗೆಯ ಕಂಬ, ಹೆಂಚಿನ ಮಾಡು, ಕಲ್ಲಿನ ನೆಲ, ನಡುವೆ ನೀರಿನ ಅಂಗಳ. ಕಿಟಕಿಗೆ ಗಾಜೇ ಇಲ್ಲ, ತಿರುಗಿಸುವ ಮರದ ಪಟ್ಟಿಗಳು ಮಾತ್ರ. ಅಂಕಣಗಳ ನಡುವಿನ ಕಾಂಕ್ರೀಟ್ ತೊಲೆಗಳೇ ಮಳೆನೀರು ಹರಿಸುವ ದೋಣಿಗಳೂ ಹೌದು. ಕೆಲವು ಅಂಕಣಗಳಿಗೆ ಗೋಡೆ, ಕೆಲವು ಬಯಲು. ಗಾಳಿ ಮೈಗೆ ತಾಗುತ್ತಲೇ ಇರುತ್ತದೆ. ಗಾಜಿನಾಚೆ ಕಾಣುವ ಮರಕ್ಕೂ ಅದರ ಗಾಳಿಗೆ ಮೈಯೊಡ್ಡಿ ನಿಲ್ಲುವುದಕ್ಕೂ ಎಷ್ಟು ಅಂತರವಿದೆ ಎಂದು ಅಲ್ಲಿ ತಿಳಿಯಿತು. ಊರಿಗೆ ಬಂದು ಗಾಜಿನ ಗೋಡೆ ಅಳಿಸಿದೆ.

ಕಟ್ಟಿದ್ದು ಕೆಂಪುಕಲ್ಲಿನಲ್ಲಿ. ಈ ಕಲ್ಲು ಕಡಿಯುವಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುತ್ತದೆ, ಆದರೆ ನೀರು ಕುಡಿಯುತ್ತದೆ. ಅದಕ್ಕೇ ಸೂರು ನಾಲ್ಕು ಅಡಿ ಹೊರಗೆ ಚಾಚಿದೆ. ಮೇಲೆ ಮಂಗಳೂರು ಹೆಂಚು. ಕತ್ತಲೆ ಕೋಣೆಗೆ ಮಾತ್ರ ಜೋಡಿ ಗೋಡೆ, ಮೇಲೆ ಹಳೆಯ ಮಲೆನಾಡು ಮನೆಗಳ ಮುಚ್ಚಿಗೆ: ಹಲಗೆ, ಅದರ ಮೇಲೆ ಮಣ್ಣು. ಹೆಂಚು ಕಾದರೂ ಒಳಗೆ ಸೆಕೆ ಇಳಿಯುವುದಿಲ್ಲ.

ನಿಜವಾದ ಪಾಠ ಕಲಿಸಿದ್ದು ಮೊದಲ ಮಳೆಗಾಲ. ಮಕ್ಕಳು ಮುಟ್ಟಿಯಾರು ಎಂದು ಜಗಲಿಯ ನೊಗಗಳಿಗೆ ನಾನೇ ಗಾಜಿನ ಪೆಟ್ಟಿಗೆ ಮಾಡಿಸಿದ್ದೆ. ಆಷಾಢ ಕಳೆಯುವುದರೊಳಗೆ ನೊಗಗಳ ಮೇಲೆ ಬಿಳಿ ಬೂಷ್ಟು. ಗಾಳಿಯ ತೇವಾಂಶ ನೂರಕ್ಕೆ 65–70 ದಾಟಿ, ಗಾಳಿ ಆಡದೆ ನಿಂತರೆ ಬೂಷ್ಟಿಗೆ ಅಷ್ಟೇ ಸಾಕು. ಪಕ್ಕದಲ್ಲೇ ಬಯಲಿಗೆ ತೂಗುಹಾಕಿದ್ದ ನೇಗಿಲಿಗೆ ಏನೂ ಆಗಿರಲಿಲ್ಲ. ಪೆಟ್ಟಿಗೆಗಳನ್ನು ತೆಗೆಸಿ ಹಗ್ಗ ಕಟ್ಟಿದೆವು.

ತಾಳೆಗರಿಗೆ ಈ ಉಪಾಯ ನಡೆಯುವುದಿಲ್ಲ. ಹವಾನಿಯಂತ್ರಣ ಹಾಕಿಸಿ ಎಂದು ಹೇಳಿದವರು ಬಹಳ. ಹಗಲು ರಾತ್ರಿ ಯಂತ್ರ ಓಡಬೇಕು, ಮಳೆಗಾಲದಲ್ಲಿ ಕರೆಂಟು ಎರಡು ದಿನ ಇಲ್ಲದಿದ್ದರೆ ಎಲ್ಲ ಹಾಳು. ಯುರೋಪ್ ಅಮೆರಿಕದ ದೊಡ್ಡ ಸಂಗ್ರಹಾಲಯಗಳೇ ವಿದ್ಯುತ್ತಿನ ಖರ್ಚು ನೋಡಿ, ತೇವಾಂಶ 40ರಿಂದ 60, ಉಷ್ಣಾಂಶ 16ರಿಂದ 25 ಡಿಗ್ರಿ ಇದ್ದರೆ ಬಹುಪಾಲು ವಸ್ತುಗಳಿಗೆ ಸಾಕು ಎಂದು ಪಟ್ಟು ಸಡಿಲಿಸಿವೆ. ನಾನು ಇನ್ನೂ ಚಿಕ್ಕದಾಗಿ ಯೋಚಿಸಿದೆ. ಕೋಣೆಯನ್ನು ಒಣಗಿಸುವುದೇಕೆ, ಪೆಟ್ಟಿಗೆ ಒಣಗಿದ್ದರೆ ಸಾಲದೆ? ಗಾಳಿಯಾಡದ ನಾಲ್ಕು ಪೆಟ್ಟಿಗೆ, ಒಳಗೆ ಸಿಲಿಕಾ ಜೆಲ್, ಒಂದೊಂದು ತೇವಮಾಪಕ. ಜೆಲ್ ತೇವ ಹೀರಿದ ಮೇಲೆ ಬಿಸಿ ಮಾಡಿ ಮತ್ತೆ ಇಡುತ್ತಾರೆ. ಗರಿಗಳಿಗೆ ಹಿಂದಿನವರು ಮಾಡುತ್ತಿದ್ದಂತೆ ಮಜ್ಜಿಗೆಹುಲ್ಲಿನ ಎಣ್ಣೆ.

ಇಡೀ ಕಟ್ಟಡದಲ್ಲಿ ನನಗೆ ತುಂಬ ಪ್ರೀತಿಯ ಜಾಗ ಒನಕೆಯ ಮೂಲೆ. ಆ ಒನಕೆ ಬೈನೆ ಮರದ್ದು. ಜಾಗ ಅಳೆಯುವಾಗ ಇಳಿಜಾರಿನಲ್ಲಿ ಒಂದು ಬೈನೆ ಮರ ಕಂಡಿತ್ತು. ಜಗಲಿಯನ್ನು ಅದರತ್ತ ಬಾಗಿಸಿ, ಒನಕೆಯ ಹಿಂದಿನ ಗೋಡೆಯಲ್ಲಿ ಆ ಮರಕ್ಕೆಂದೇ ಕಿಂಡಿ ಬಿಟ್ಟೆ. ಫಲಕದಲ್ಲಿ ಮರದ ಹೆಸರು ಬರೆದಿಲ್ಲ. ಒನಕೆ ಎತ್ತಿ ನೋಡಿದವರು ಇದು ಯಾವ ಮರ ಎಂದು ಕೇಳಿದರೆ ಮನೆಯ ಹೆಂಗಸರು ಕಿಂಡಿಯತ್ತ ಕೈ ತೋರಿಸುತ್ತಾರೆ.

ಮೇ ಕೊನೆಗೆ, ಮಳೆಯ ಎರಚಲು ತಡೆಯಲು, ಪಡುವಣ ಜಗಲಿಗೆ ಅಡಕೆ ಸೋಗೆಯ ಜಡಿತಟ್ಟಿ ಕಟ್ಟಿ, ದೀಪಾವಳಿ ಹೊತ್ತಿಗೆ ಬಿಚ್ಚುವುದು ಅಲ್ಲಿಯ ಪದ್ಧತಿ. ಆ ನಾಲ್ಕೈದು ತಿಂಗಳು ಜಗಲಿಯಲ್ಲಿ ಹಸಿರು ಮಬ್ಬು, ತಟ್ಟಿಗೆ ಬಡಿಯುವ ಮಳೆಯ ಸದ್ದು. ಈ ಸಲ ತೋಟದ ಸೋಗೆ ಸಾಲದೆ ಪಕ್ಕದ ಮನೆಯಿಂದ ಎರಡು ಹೊರೆ ತರಿಸಿ ಕಟ್ಟಿದ್ದೇವೆ.