ಪ್ರೌಢಶಾಲೆಯಲ್ಲಿ ಲೈಂಗಿಕ ಶಿಕ್ಷಣ: ಚೀಟಿ ಡಬ್ಬದಿಂದ ಆರಂಭಿಸಿ

ಕೊಡಗಿನ ಪ್ರೌಢಶಾಲೆಗಳಲ್ಲಿ ವಿಜ್ಞಾನ ಬೋಧಿಸುವ ಸಹೋದ್ಯೋಗಿಗಳಿಗೆ ಒಂದು ಸಲಹೆ. ಸಂತಾನೋತ್ಪತ್ತಿಯ ಪಾಠವನ್ನು ಆರಂಭಿಸುವ ಹಿಂದಿನ ದಿನ ತರಗತಿಯಲ್ಲಿ ಒಂದು ಬಿಸ್ಕತ್ತಿನ ಡಬ್ಬವನ್ನಿಟ್ಟು, ಪ್ರತಿಯೊಬ್ಬರೂ ಹೆಸರಿಲ್ಲದ ಚೀಟಿಯೊಂದನ್ನು ಹಾಕುವಂತೆ ಹೇಳಿ. ಪ್ರಶ್ನೆ ಇಲ್ಲದವರು ಖಾಲಿ ಚೀಟಿಯನ್ನಾದರೂ ಹಾಕಲೇಬೇಕು. ಇಲ್ಲದಿದ್ದರೆ ಬರೆದವರು ಯಾರೆಂಬುದು ಕೂಡಲೇ ಗೊತ್ತಾಗುತ್ತದೆ, ಮರುವರ್ಷ ಯಾರೂ ಬರೆಯುವುದಿಲ್ಲ.

ಕಳೆದ ಮಳೆಗಾಲದಲ್ಲಿ ನಾಲ್ಕಾಗಿ ಮಡಚಿದ್ದ, ತೇವದಿಂದ ಶಾಯಿ ಹರಡಿದ್ದ ಚೀಟಿಯೊಂದು ನನ್ನ ಕೈಗೆ ಬಂತು: "ನನಗೆ ಆರು ವಾರಕ್ಕೊಮ್ಮೆ ಮುಟ್ಟಾಗುತ್ತದೆ, ಇದು ರೋಗವೇ?" ಹದಿಹರೆಯದಲ್ಲಿ 21ರಿಂದ 45 ದಿನಗಳ ಅಂತರ ಸಹಜವೆಂದು, ಮೂರು ತಿಂಗಳು ಬಾರದಿದ್ದರೆ ವೈದ್ಯರನ್ನು ಕಾಣಬೇಕೆಂದು ಇಡೀ ತರಗತಿಗೆ ವಿವರಿಸಿದೆ. ಹುಡುಗರನ್ನು ಹೊರಗೆ ಕಳುಹಿಸಲಿಲ್ಲ. ಸ್ವಪ್ನಸ್ಖಲನದಿಂದ ನಿಶ್ಶಕ್ತಿ ಬರುತ್ತದೆಂಬ ಅವರ ಭಯಕ್ಕೂ ಅಷ್ಟೇ ನೇರವಾದ ಉತ್ತರ ಸಿಗಬೇಕು. ತೋಟದ ಲೈನ್‌ಮನೆಗಳಿಂದ (ಕಾರ್ಮಿಕರ ಸಾಲುಮನೆಗಳಿಂದ) ಬರುವ ಮಕ್ಕಳಲ್ಲಿ ಹಲವರ ಮನೆಮಾತು ಬೇರೆಯಾದ್ದರಿಂದ, ಅಂಗಗಳ ಹೆಸರುಗಳನ್ನು ಚಿತ್ರ ಬರೆದೇ ಹೇಳುವುದು ಒಳ್ಳೆಯದು.

ಆದರೆ "ಯಾರಿಗೂ ಹೇಳುವುದಿಲ್ಲ" ಎಂಬ ಮಾತನ್ನು ಮಾತ್ರ ಕೊಡಬೇಡಿ. 2012ರ ಪೋಕ್ಸೊ ಕಾಯ್ದೆಯಂತೆ 18 ವರ್ಷದೊಳಗಿನವರ ಮೇಲಿನ ಲೈಂಗಿಕ ದೌರ್ಜನ್ಯ ತಿಳಿದುಬಂದರೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಈ ನಿಯಮವನ್ನು ಮಕ್ಕಳಿಗೆ ಮೊದಲೇ ಹೇಳಿ, ಮಕ್ಕಳ ಸಹಾಯವಾಣಿ 1098 ಅನ್ನು ಕರಿಹಲಗೆಯ ಮೂಲೆಯಲ್ಲಿ ವರ್ಷವಿಡೀ ಅಳಿಸದೆ ಉಳಿಸಿ.