ಸಾವಾದ ಮನೆಗೆ ಸಾಂತ್ವನಕ್ಕೆ ಹೋಗುವವರಿಗೆ

ಚರ್ಚಿನ ಸಭೆಯವರಲ್ಲಿ ಯಾರಾದರೂ ತೀರಿಕೊಂಡರೆ ಮೊದಲ ದಿನ ಜನಕ್ಕೆ ಕೊರತೆಯಿಲ್ಲ. ಮಣ್ಣು ಮುಗಿದು ನೆಂಟರು ಬಸ್ಸು ಹತ್ತಿದ ಮೇಲೆ ಮನೆ ಭಣಗುಟ್ಟುತ್ತದೆ. ನಿಮ್ಮ ಭೇಟಿಯ ಪಾಳಿ ಅಲ್ಲಿಂದ ಶುರುವಾಗಲಿ: ಮೊದಲ ತಿಂಗಳು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ. ತೀರಿಕೊಂಡವರ ಹುಟ್ಟಿದ ದಿನವನ್ನೂ ಮೊದಲ ಕ್ರಿಸ್ಮಸ್ಸನ್ನೂ ಬರೆದಿಟ್ಟುಕೊಳ್ಳಿ.

ಇಬ್ಬರು ಹೋದರೆ ಸಾಕು. ಫೋನ್ ಮಾಡಿಯೇ ಹೋಗಿ, ಅರ್ಧ ಗಂಟೆಗಿಂತ ಹೆಚ್ಚು ಕೂರಬೇಡಿ. ಮನೆಯವರು ಕಾಫಿಗೆಂದು ಎದ್ದರೆ ಅವರನ್ನು ಕೂರಿಸಿ ನೀವೇ ಒಲೆ ಹಚ್ಚಿ.

ಕೆಡುವುದು ಹೆಚ್ಚಾಗಿ ಮಾತಿನಲ್ಲೇ. ಬೈಬಲಿನಲ್ಲಿ, ಮಕ್ಕಳನ್ನೂ ಆಸ್ತಿಯನ್ನೂ ಕಳಕೊಂಡ ಯೋಬನ ಮೂವರು ಗೆಳೆಯರು ಏಳು ದಿನ ಅವನೊಂದಿಗೆ ನೆಲದ ಮೇಲೆ ಸುಮ್ಮನೆ ಕೂತರು (ಯೋಬ 2:13). ಅಲ್ಲಿಯವರೆಗೆ ಸರಿಯಿತ್ತು, ಸಂಕಟಕ್ಕೆ ಕಾರಣ ಹೇಳಹೊರಟಾಗ ಎಡವಿದರು. “ದೇವರಿಗೆ ಬೇಕಾಗಿತ್ತು, ಕರಕೊಂಡ” ಅನ್ನಬೇಡಿ. ಮಗುವನ್ನು ಕಳಕೊಂಡ ತಾಯಿಯ ಕಿವಿಗೆ ಅದು ದೇವರನ್ನೇ ಕಳ್ಳನಾಗಿಸುತ್ತದೆ. “ವಿಶ್ವಾಸಿಗಳು ಅಳಬಾರದು” ಅನ್ನುವುದಂತೂ ದೇವರ ವಾಕ್ಯಕ್ಕೇ ವಿರುದ್ಧ: ತೀರಿಕೊಂಡಿದ್ದ ಗೆಳೆಯ ಲಾಜರನನ್ನು ಎಬ್ಬಿಸಲಿಕ್ಕೆಂದೇ ಬಂದ ಯೇಸು ಕೂಡ ಕಣ್ಣೀರು ಬಿಟ್ಟನು (ಯೋಹಾನ 11:35). ತೀರಿಕೊಂಡವರ ಹೆಸರೆತ್ತಿ ಒಂದು ನೆನಪು ಹೇಳಿ, ಮಿಕ್ಕಿದ್ದು ಕೇಳಿಸಿಕೊಳ್ಳಿ. ಹೇಳಿದ್ದನ್ನೇ ಹತ್ತು ಸಲ ಹೇಳುತ್ತಾರೆ, ಹೇಳಲಿ.

ಪ್ರಾರ್ಥನೆಗೆ ಮೊದಲು ಒಪ್ಪಿಗೆ ಕೇಳಿ. 23ನೆಯ ಕೀರ್ತನೆ ಆರೇ ವಚನ, ಅದನ್ನೋದಿ ಎರಡು ನಿಮಿಷ ಪ್ರಾರ್ಥಿಸಿ. ಪ್ರಾರ್ಥನೆಯ ನೆಪದಲ್ಲಿ ಪ್ರಸಂಗ ಬೇಡ.

“ಏನಾದ್ರೂ ಬೇಕಿದ್ರೆ ಹೇಳಿ” ಎಂದರೆ ಯಾರೂ ಹೇಳುವುದಿಲ್ಲ. “ನಾಳೆ ರಾತ್ರಿ ಊಟ ನಾವು ತರ್ತೀವಿ” ಅನ್ನಿ. ಎಂಟು ಜನಕ್ಕೆ ಒಂದು ಕೆಜಿ ಅಕ್ಕಿಯ ಅನ್ನ, ಖಾರ ಕಡಿಮೆಯ ಸಾರು, ಮೊಸರು. ಗಂಜಿಯಾದರೆ ಒಂದು ಲೋಟ ಅಕ್ಕಿಗೆ ಏಳು ಲೋಟ ನೀರು. ತಣಿದಂತೆ ಗಟ್ಟಿಯಾಗುವುದರಿಂದ ಫ್ಲಾಸ್ಕಿನಲ್ಲಿ ಬಿಸಿನೀರೂ ಇರಲಿ. ಪಾತ್ರೆಗಳನ್ನು ಮರುದಿನ ನೀವೇ ಹೋಗಿ ತನ್ನಿ. ಯಾರ ಡಬ್ಬಿ ಯಾವುದು ಎಂದು ಹುಡುಕುವ ಕೆಲಸ ಅವರಿಗೇಕೆ?

ಕಾಗದಪತ್ರ ಬಲ್ಲ ಒಬ್ಬರನ್ನು ಜೊತೆಗೆ ಕೊಡಿ. ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು. ಆಸ್ಪತ್ರೆಯಲ್ಲಾದರೆ ಮಾಹಿತಿ ಅಲ್ಲಿಂದಲೇ ಹೋಗುತ್ತದೆ, ಮನೆಯಲ್ಲಾದರೆ ಮನೆಯವರೇ ಕೊಡಬೇಕು. ಈ ಗಡುವು ದುಃಖದಲ್ಲಿ ಮರೆತೇ ಹೋಗುತ್ತದೆ.

ಅವರು ಮತ್ತೆ ಆರಾಧನೆಗೆ ಬರುವ ಮೊದಲ ಭಾನುವಾರ ಬಾಗಿಲಲ್ಲಿ ಸುತ್ತುವರಿಯಬೇಡಿ. ಎಂದಿನ ಬೆಂಚಿನಲ್ಲಿ ಪಕ್ಕದ ಜಾಗ ಖಾಲಿ ಉಳಿಯದಂತೆ ಒಬ್ಬರು ಕೂರಿ. ಹಾಡಿನ ನಡುವೆ ಎದ್ದು ಹೊರಗೆ ಹೋದರೆ ಪಕ್ಕ ಕೂತವರೊಬ್ಬರೇ ಹಿಂದೆ ಹೋಗಲಿ, ನೀರಿನ ಬಾಟಲಿ ಹಿಡಿದು.